ಅಟ್ಟದ ಮೇಲಿನ ಕಾಯಿ ಮತ್ತು ದೇವರ ಯೋಜನೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಆಗಸ್ಟ್ 29ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಬಾವುಟ ಏರಿತೆಂದರೆ ನಮ್ಮ ಕಡೆಯಿಂದಲೂ ರೈಲು ಹತ್ತಿ ನವೇನಕ್ಕೆ ಹೋಗಿಬರುವವರುಂಟು. ಕರಾವಳಿಯ ಕ್ರೈಸ್ತರು ಆ ದಿನ ಹೊಸ ಭತ್ತದ ತೆನೆ ತಂದು ಆಶೀರ್ವಾದ ಮಾಡಿಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆ ಹೊತ್ತಿಗೆ ರಾಗಿ ಇನ್ನೂ ಹೊಲದಲ್ಲಿ ಹಸಿರು ಪೈರು. ತೆನೆ ಹಬ್ಬ ಎಂದರೂ ಕೈಯಲ್ಲಿ ತೆನೆ ಇರುವುದಿಲ್ಲ. ನಮಗೆ ಇರುವುದು ಅಟ್ಟದ ಮೇಲಿನ ಕಾಯಿ.

ಅಂದಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನದು. ಅಬ್ರಹಾಮನಿಂದ ಯೇಸುವಿನ ತನಕ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರುಗಳ ಹೆಸರು. ಈ ಪಟ್ಟಿ ಶುರುವಾದರೆ ಹಿಂದಿನ ಬೆಂಚಿನವರಿಗೆ ಆಕಳಿಕೆ ಬರುವುದನ್ನು ನಾವು ಪೀಠದಿಂದಲೇ ಕಂಡಿದ್ದೇವೆ. ಅವರನ್ನು ದೂರುವಂತಿಲ್ಲ, ಓದುವ ನಮಗೂ ನಾಲಗೆ ತೊಡರುತ್ತದೆ. ಆದರೆ ದೇವರ ಯೋಜನೆ ಎಂದರೇನು ಎಂದು ಕೇಳುವವರು ಈ ಪಟ್ಟಿಯನ್ನೇ ನಿಧಾನವಾಗಿ ಓದಬೇಕು. ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಪರದೇಶದ ವಿಧವೆ ರೂತಳಿದ್ದಾಳೆ. ದಾವೀದನ ಪಾಪವನ್ನೂ ಮತ್ತಾಯ ಮುಚ್ಚಿಡದೆ ಊರೀಯನ ಹೆಂಡತಿ ಎಂದೇ ಬರೆದಿದ್ದಾನೆ. ನಡುವೆ ಬಾಬಿಲೋನಿನ ಸೆರೆ. ಆಮೇಲೆ ಅಜೋರ, ಸಾದೋಕ, ಅಖೀಮ, ಎಲಿಹೂದ. ಇವರು ಯಾರು, ಏನು ಮಾಡಿದರು, ನಮಗೆ ಒಂದಕ್ಷರವೂ ತಿಳಿಯದು. ಹುಟ್ಟಿದರು, ಮಕ್ಕಳನ್ನು ಸಾಕಿದರು, ತೀರಿಕೊಂಡರು. ತಮ್ಮ ಮೂಲಕ ದೇವರು ಏನು ಮಾಡುತ್ತಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ.

ಇದು ತೆಂಗು ಬೆಳೆಯುವವರಿಗೆ ಬೇಗ ಅರ್ಥವಾಗಬೇಕು. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಮೊದಲ ಮೊಗ್ಗು ಮೂಡುವುದು ಅದು ಅರಳಿ ನಮ್ಮ ಕಣ್ಣಿಗೆ ಬೀಳುವುದಕ್ಕೆ ಸುಮಾರು 32 ತಿಂಗಳು ಮೊದಲು ಎಂದು ತೋಟಗಾರಿಕೆ ಬಲ್ಲವರು ಹೇಳುತ್ತಾರೆ. ಅರಳಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಕೆಡವಿದ ಕಾಯಿ ಅಟ್ಟ ಸೇರಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಉರುಳುವ ಸದ್ದು ಕೇಳಬೇಕಾದರೆ ಮತ್ತೆ ಹತ್ತು ಹನ್ನೆರಡು ತಿಂಗಳು. ಒಟ್ಟು ಹೆಚ್ಚುಕಡಿಮೆ ನಾಲ್ಕೂವರೆ ವರ್ಷ. 2025ರ ಕೊನೆಯಲ್ಲಿ ಸುಲಿದ ಉಂಡೆ ಕೊಬ್ಬರಿಯ ಮೊಗ್ಗು ಮರದ ಸುಳಿಯಲ್ಲಿ ಮೂಡಿದ್ದು 2021ರಲ್ಲಿ, ಕೊರೊನಾದ ಎರಡನೇ ಅಲೆಯ ದಿನಗಳ ಆಸುಪಾಸಿನಲ್ಲಿ. ದೇವಾಲಯಗಳ ಬಾಗಿಲು ಮುಚ್ಚಿದ್ದ, ಸತ್ತವರನ್ನು ಮಣ್ಣು ಮಾಡಲೂ ಜನ ಸೇರಲಾಗದ ಆ ದಿನಗಳಲ್ಲಿ ಮರ ಒಳಗೇ ತನ್ನ ಕೆಲಸ ನಡೆಸಿತ್ತು.

ಆದರೆ ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಮೋಸವಾಗುತ್ತದೆ. ಸುಳಿಯಲ್ಲಿ ಮೂಡಿದ ಮೊಗ್ಗೆಲ್ಲ ಕೊಬ್ಬರಿ ಆಗುವುದಿಲ್ಲ. ಬರ ಬಂದರೆ ಹರಳು ಉದುರುತ್ತದೆ. ನುಸಿ ಹತ್ತುತ್ತದೆ, ಕಾಂಡ ಸೋರುತ್ತದೆ, ಕಪ್ಪು ತಲೆ ಹುಳು ಗರಿಯನ್ನು ತಿಂದುಹಾಕುತ್ತದೆ. ಎಲ್ಲ ದಾಟಿ ಕೊಬ್ಬರಿ ಕೈಗೆ ಬಂದರೂ ಬೆಲೆಯ ಮಾತು ಬೇರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದು 8 ಸಾವಿರದ ಆಸುಪಾಸಿಗೆ ಇಳಿದಿತ್ತು. ಅದೇ ಮಾರುಕಟ್ಟೆಯಲ್ಲಿ 2025ರಲ್ಲಿ ಬೆಲೆ 25 ಸಾವಿರ ದಾಟಿತು. ಅಷ್ಟರಲ್ಲಿ ಬರದ ಪೆಟ್ಟು ತಿಂದ ಎಷ್ಟೋ ತೋಟಗಳಲ್ಲಿ ಕಾಯಿಯೇ ಕಡಿಮೆ. ಕಾಯಿ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಕಾಯಿ ಇಲ್ಲ ಎಂದು ರೈತರು ಹಲುಬಿದ್ದರಲ್ಲಿ ಸುಳ್ಳಿಲ್ಲ.

ಇಂಥ ಸಮಯದಲ್ಲಿ ನಮ್ಮ ಬಾಯಲ್ಲಿ ಎರಡು ಮಾತು ಬರುತ್ತವೆ. ಒಳ್ಳೆಯ ಬೆಲೆಗೆ ಮಾರಿದವರು, ದೇವರು ನಮ್ಮನ್ನು ಆಶೀರ್ವದಿಸಿದರು ಎನ್ನುತ್ತಾರೆ. ಮಗಳ ಕಾಲೇಜು ಫೀಜಿಗೆಂದು 8 ಸಾವಿರಕ್ಕೇ ಕೊಟ್ಟವರಿಗೆ, ಎಲ್ಲಾ ದೇವರ ಚಿತ್ತ ಎನ್ನುತ್ತೇವೆ. ಹಾಗಾದರೆ ದೇವರು ಒಬ್ಬರನ್ನು ಹರಸಿ ಇನ್ನೊಬ್ಬರನ್ನು ಮರೆತರೇ? ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲ ಎಂದು ಪ್ರಭು ಯೇಸು ಸ್ಪಷ್ಟವಾಗಿ ಹೇಳಿದ್ದಾರೆ. ಪಿತನ ಮಳೆ ನೀತಿವಂತರ ಹೊಲಕ್ಕೂ ಅನೀತಿವಂತರ ಹೊಲಕ್ಕೂ ಬೀಳುತ್ತದೆ ಎಂದವರೂ ಅವರೇ. ಮಾರುಕಟ್ಟೆಯ ದರಪಟ್ಟಿಯಲ್ಲಿ ದೇವರ ಪ್ರೀತಿಯನ್ನು ಅಳೆಯುವುದು ಕ್ರೈಸ್ತ ವಿಶ್ವಾಸವಲ್ಲ. ಅದು ಹಣೆಬರಹದ ನಂಬಿಕೆಗೆ ಶಿಲುಬೆ ತೊಡಿಸಿದಂತೆ.

ನಾವೂ ಈ ತಪ್ಪು ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ತುರುವೇಕೆರೆ ಕಡೆಯ ಒಂದು ಮನೆಗೆ ಹೋಗಿದ್ದೆವು. ಯಜಮಾನರು ಕಾಯಿ ಕೆಡವಲು ಹತ್ತಿ ಮರದಿಂದ ಬಿದ್ದು ತೀರಿಕೊಂಡಿದ್ದರು. ಏನು ಹೇಳಬೇಕೆಂದು ತೋಚದೆ, ದೇವರ ಯೋಜನೆ ನಮಗೆ ತಿಳಿಯದಮ್ಮಾ ಎಂದುಬಿಟ್ಟೆವು. ಆ ತಾಯಿ ತಲೆಯೆತ್ತಿ, “ಅಲ್ಲ ಸ್ವಾಮಿ, ನಮ್ಮೆಜಮಾನ್ರನ್ನ ದೇವ್ರೇ ತಳ್ಳಿದ್ರಾ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಜಪಸರ ಹಿಡಿದು ಸುಮ್ಮನೆ ಕುಳಿತೆವು.

ಆ ಪ್ರಶ್ನೆಗೆ ಧರ್ಮಸಭೆಯ ಉತ್ತರ ಇಲ್ಲ ಎಂಬುದೇ. ದೇವರು ತಳ್ಳಲಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ದೇವರ ಪರಿಪಾಲನೆಯ ಬಗ್ಗೆ ಹೇಳುವಾಗ, ಸೃಷ್ಟಿಯು ಪೂರ್ತಿಗೊಂಡ ವಸ್ತುವಲ್ಲ, ಪರಿಪೂರ್ಣತೆಯ ಕಡೆಗೆ ಇನ್ನೂ ನಡೆಯುತ್ತಿದೆ ಎನ್ನುತ್ತದೆ. ದಾರಿಯಲ್ಲಿರುವ ಲೋಕದಲ್ಲಿ ಕಟ್ಟುವುದೂ ಇದೆ, ಮುರಿಯುವುದೂ ಇದೆ. ಈ ಹಬ್ಬಕ್ಕೆ ಪ್ರೇಷಿತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದ ವಾಚನವನ್ನೂ ಓದಬಹುದು. ನಡೆಯುವುದೆಲ್ಲ ಒಳ್ಳೆಯದೇ ಎಂದು ಪೌಲರು ಅಲ್ಲಿ ಹೇಳುವುದಿಲ್ಲ. ತಮ್ಮನ್ನು ಪ್ರೀತಿಸುವವರ ಜೊತೆಯಲ್ಲಿ ದೇವರು ಎಲ್ಲದರ ನಡುವೆಯೂ ಒಳಿತಿಗಾಗಿ ದುಡಿಯುತ್ತಾರೆ ಎಂಬುದು ಅವರ ಮಾತಿನ ಸಾರ. ಮೊದಲನೆಯದಕ್ಕೂ ಎರಡನೆಯದಕ್ಕೂ ಬಹಳ ಅಂತರವಿದೆ. ಬಾಬಿಲೋನಿನ ಸೆರೆ ಒಳ್ಳೆಯದಾಗಿರಲಿಲ್ಲ. ಆದರೂ ಆ ವಂಶಾವಳಿ ಅಲ್ಲಿಗೆ ಮುಗಿಯಲಿಲ್ಲ.

ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ನಾಳೆಯ ಚಿಂತೆ ಬೇಡ ಎಂದ ಪ್ರಭುವನ್ನು ನಂಬುವವರು ವರ್ಷದ ಕಾಯಿಯನ್ನು ಅಟ್ಟದ ಮೇಲೆ ಕೂಡಿಡಬಹುದೇ? ಖಂಡಿತ ಇಡಬಹುದು. ಈಜಿಪ್ಟಿನಲ್ಲಿ ಏಳು ವರ್ಷದ ದವಸ ಕೂಡಿಟ್ಟ ಜೋಸೆಫನ ಕೈಯಿಂದಲೇ ದೇವರು ಬರದಲ್ಲಿ ಜನರನ್ನು ಬದುಕಿಸಿದರು. ಲೂಕನ ಶುಭಸಂದೇಶದ ಸಾಮತಿಯಲ್ಲಿ ಬರುವ ಶ್ರೀಮಂತ ರೈತನ ತಪ್ಪು ಕಣಜ ಕಟ್ಟಿದ್ದಲ್ಲ. ಅವನ ಮಾತನ್ನು ಗಮನಿಸಿ: ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಕೂಲಿಯಾಳು ಇಲ್ಲ, ನೆರೆಯವರಿಲ್ಲ. ತನ್ನೊಡನೆ ತಾನೇ ಮಾತಾಡಿಕೊಂಡ.

ತುರುವೇಕೆರೆಯ ಆ ಮನೆಯ ಅಟ್ಟದಲ್ಲಿ ಯಜಮಾನರೇ ಹಾಕಿದ್ದ ಕಾಯಿ ಇತ್ತು. ಒಣಗುವ ಹೊತ್ತಿಗೆ ಸುಲಿಸಲು ಕೈಯಲ್ಲಿ ಕಾಸಿರಲಿಲ್ಲ. ಅಕ್ಕಪಕ್ಕದ ತೋಟದವರು, ಹೆಚ್ಚಿನವರು ನಮ್ಮ ಧರ್ಮಕೇಂದ್ರದವರೂ ಅಲ್ಲ, ಎರಡು ದಿನ ಬಂದು ಕಾಯಿ ಇಳಿಸಿ ಸುಲಿದುಕೊಟ್ಟರು. ಹೆಂಗಸರು ಉಂಡೆ ಸೀಳದಂತೆ ಚಿಪ್ಪು ಒಡೆದರು. ಚೀಲ ತುಂಬಿ ಮಾರುಕಟ್ಟೆಗೆ ಹಾಕಿ, ಬಂದ ಹಣವನ್ನು ಪೂರ್ತಿ ಆ ತಾಯಿಯ ಕೈಗಿತ್ತರು. ಕೂಲಿ ಯಾರೂ ಕೇಳಲಿಲ್ಲ. ಅಂದು ನಾವು ಮಾಡಿದ್ದು ಚೀಲದ ಬಾಯಿ ಹಿಡಿದದ್ದು ಮಾತ್ರ. ದೇವರ ಯೋಜನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ವರ್ಷದ ಹಬ್ಬಕ್ಕೆ ಪೌಲರ ಆ ವಾಚನವನ್ನು ಓದಲು ಅವರನ್ನೇ ಕೇಳಿದೆವು. ಪುಸ್ತಕ ತೆಗೆದು ಒಂದು ಸಾರಿ ಮನಸ್ಸಿನಲ್ಲೇ ಓದಿಕೊಂಡು ವಾಪಸು ಕೊಟ್ಟರು. “ಈ ವರ್ಷ ಆಗಲ್ಲ ಸ್ವಾಮಿ. ಬರೋ ವರ್ಷ ನೋಡಾಣ” ಎಂದರು. ಬಲಿಪೂಜೆಗೆ ಮಾತ್ರ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದು ಮುಂದಿನ ಬೆಂಚಿನಲ್ಲೇ ಕುಳಿತಿದ್ದರು.