ಹೆಜ್ಜೆಯೂ ಓದೂ

ಪರೀಕ್ಷೆ ಸಮೀಪಿಸಿದೊಡನೆ ಆಟದ ಗಂಟೆಯನ್ನು ಪಾಠಕ್ಕೆ ಕಸಿದುಕೊಳ್ಳುವ ಉಪಾಧ್ಯಾಯರು ಮಗುವಿನ ಹಿತವನ್ನೇ ಬಯಸುತ್ತಾರೆ. ಆದರೆ ಅದರಿಂದ ಹಿತವಾಗುವುದೇ?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಚಿಕ್ಕದು. ಮಕ್ಕಳು 20 ಮಂದಿ, ವಯಸ್ಸು ಒಂಬತ್ತು-ಹತ್ತು. ಅವರು 20 ನಿಮಿಷ ನಡೆದು ದಣಿವಾರಿಸಿಕೊಂಡ ಮೇಲೆ, ಸುಮ್ಮನೆ ಕುಳಿತ ದಿನಕ್ಕಿಂತ ಚೆನ್ನಾಗಿ ಗಮನವಿಟ್ಟರು, ಓದಿದ್ದನ್ನು ಗ್ರಹಿಸಿದರು.

ಅದಕ್ಕೂ ಮುನ್ನ, 2006ರಲ್ಲಿ, ಅಲ್ಲಿಯ ವೆಸ್ಟ್ ವರ್ಜೀನಿಯಾ ರಾಜ್ಯವು ತನ್ನ 765 ಸರ್ಕಾರಿ ಶಾಲೆಗಳಿಗೂ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಎಂಬ ವಿಡಿಯೊ ಆಟವನ್ನು ತರುವ ಯೋಜನೆಯನ್ನು ಸಾರಿತ್ತು. ತೆರೆಯ ಮೇಲೇರುವ ಬಾಣಗಳನ್ನು ನೋಡುತ್ತ, ತಾಳ ತಪ್ಪದೆ, ಕಾಲಡಿಯ ಚಾಪೆಯ ಬಾಣಗಳನ್ನು ತುಳಿಯಬೇಕು. ಉದ್ದೇಶ ಬೊಜ್ಜು ಕರಗಿಸುವುದು. ಆದರೂ ಚೆಂಡಾಟಕ್ಕೆ ಅಂಜುವ ಹುಡುಗನಿಗೂ ಅಲ್ಲಿ ಎಡೆಯುಂಟು.

ಯಂತ್ರವು ಬಯಲಿಗೆ ಬದಲಾಗದು, ನಿಜ. ಆದರೆ ಬಯಲೂ ಇಲ್ಲದೆ, ಹೆಜ್ಜೆಯೂ ಇಲ್ಲದೆ ಮಗುವನ್ನು ಕೂಡಿಹಾಕಿದರೆ, ನಷ್ಟ ಓದಿಗೇ.