ಮೊಳೆಯದ ಬೀಜ ಕಲಿಸಿದ ಪಾಠ

ಕಳೆದ ವರ್ಷದ ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಯ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ವಿಷಯ ಅಭಿಸರಣೆ. ಪ್ರಶಿಕ್ಷಣಾರ್ಥಿ ಆಲೂಗಡ್ಡೆಯನ್ನು ಬಟ್ಟಲಿನಂತೆ ಕೊರೆದು, ಅದರೊಳಗೆ ಒಂದು ಚಮಚ ಸಕ್ಕರೆ ಹಾಕಿ, ನೀರಿನ ತಟ್ಟೆಯಲ್ಲಿಟ್ಟರು. ಅವಧಿ ಮುಗಿಯುತ್ತಾ ಬಂದರೂ ಸಕ್ಕರೆ ಒದ್ದೆಯಾಗಿತ್ತೇ ಹೊರತು ಬಟ್ಟಲಲ್ಲಿ ನೀರು ತುಂಬಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಬಗ್ಗಿ ನೋಡಿ, “ಮಿಸ್, ನೀರೇ ಬಂದಿಲ್ಲ” ಅಂದ. “ಬಂದಿದೆ ಅಂತ ಬರ್ಕೊಳ್ಳಿ” ಎಂದು ಅವರು ಹಲಗೆಯ ಮೇಲೆ ಫಲಿತಾಂಶ ಬರೆದರು. ನಾನು ವೀಕ್ಷಣಾ ನಮೂನೆಯಲ್ಲಿ “ಪ್ರಯೋಗ ವಿಫಲ, ಪೂರ್ವಸಿದ್ಧತೆ ಸಾಲದು” ಎಂದು ಬರೆದು ಅಂಕ ಕಳೆದೆ.

ಸಂಜೆ ಅವರು ಬಂದು ಕೇಳಿದರು: “ಮೇಡಂ, ಪ್ರಯೋಗ ಕೈಕೊಟ್ಟರೆ ತರಗತಿಯಲ್ಲಿ ಏನು ಮಾಡಬೇಕು? ಅದನ್ನು ಯಾರೂ ಹೇಳಿಕೊಟ್ಟಿಲ್ಲ.”

ನನಗೆ ಹೇಳಿಕೊಟ್ಟವರಿದ್ದರು. ಅಂಕ ಕಳೆಯುವಾಗ ಅದನ್ನು ಮರೆತಿದ್ದೆ.

ನಾನು ಪದವಿ ಓದಿದ್ದು ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ. ಹೆಸರಿನಲ್ಲಿ ‘ಆರ್ಟ್ಸ್’ ಇರುವುದರಿಂದ ನಮ್ಮಲ್ಲಿ ಇದನ್ನು ಬಿ.ಎ. ಕಾಲೇಜು ಎಂದುಕೊಳ್ಳುತ್ತಾರೆ. ಯುರೋಪಿನ ಹಳೆಯ ಪದ್ಧತಿಯಲ್ಲಿ ಲಿಬರಲ್ ಆರ್ಟ್ಸ್ ಎಂದರೆ ಏಳು ವಿದ್ಯೆಗಳು: ವ್ಯಾಕರಣ, ತರ್ಕ, ವಾಕ್ಪಟುತ್ವ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ. ಈ ಕಾಲೇಜುಗಳಲ್ಲಿ ವಿಜ್ಞಾನ ಮೊದಲಿನಿಂದಲೂ ಒಳಗಿನದೇ. ಪದವಿ ನಾಲ್ಕು ವರ್ಷದ್ದು. ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯೊಳಗೆ ಆರಿಸಿಕೊಂಡರೆ ಸಾಕು. ಜೀವವಿಜ್ಞಾನದ ವಿದ್ಯಾರ್ಥಿ ಇತಿಹಾಸ, ಸಾಹಿತ್ಯಗಳನ್ನೂ ಓದುತ್ತಾನೆ. ಇಂಥ ಹೆಚ್ಚಿನ ಕಾಲೇಜುಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿರುವುದಿಲ್ಲ. ಹಾಗಾಗಿ ಪ್ರಯೋಗಾಲಯದಲ್ಲಿ ಪಕ್ಕದಲ್ಲಿ ನಿಲ್ಲುವವರು ಪ್ರಾಧ್ಯಾಪಕರೇ, ಅವರ ಸಂಶೋಧನೆಗೆ ಕೈಜೋಡಿಸುವವರು ಪದವಿ ವಿದ್ಯಾರ್ಥಿಗಳೇ.

ನನ್ನ ಮೊದಲ ಜೀವವಿಜ್ಞಾನ ತರಗತಿಯಲ್ಲಿ ಇಪ್ಪತ್ತು ಜನರಿದ್ದೆವು. ಕೋಶದಿಂದ ಪರಿಸರದವರೆಗೆ ಎಲ್ಲವನ್ನೂ ಮುಗಿಸುವ ಪಠ್ಯಕ್ರಮ ಅಲ್ಲಿರಲಿಲ್ಲ. ನಮ್ಮದೇ ಪ್ರಶ್ನೆಗೆ ನಾವೇ ಪ್ರಯೋಗ ರೂಪಿಸಿ ವರದಿ ಬರೆಯಬೇಕಿತ್ತು. ಹತ್ತಿರದ ಪ್ರೇರಿ ಹುಲ್ಲುಗಾವಲಿನಲ್ಲಿ ಮಿಲ್ಕ್‌ವೀಡ್ ಎಂಬ ಗಿಡ ಕಂಡೆ. ಮುರಿದರೆ ಬಿಳಿ ಹಾಲು, ಕಾಯಿ ಒಡೆದರೆ ರೇಷ್ಮೆಯಂಥ ಕೂದಲಿಗೆ ಅಂಟಿದ ಬೀಜ. ಅದು ನಮ್ಮೂರ ಎಕ್ಕದ ಕುಟುಂಬದ್ದೇ ಗಿಡ. ಬೆಳಕು ಹೆಚ್ಚಾದರೆ ಬೇಗ ಮೊಳೆಯುತ್ತದೆಯೇ ಎಂಬ ಪ್ರಶ್ನೆ ಇಟ್ಟುಕೊಂಡು 60 ಬೀಜ ಬಿತ್ತಿದೆ. ಮೂರು ವಾರದಲ್ಲಿ ಮೊಳೆತದ್ದು ಎರಡು.

ಸೋತ ಮುಖದಿಂದ ಪ್ರಾಧ್ಯಾಪಕರ ಬಳಿ ಹೋದೆ. ಅವರು ಉತ್ತರ ಹೇಳಲಿಲ್ಲ. “ಈ ಬೀಜ ನೆಲಕ್ಕೆ ಬೀಳುವುದು ಯಾವಾಗ? ಆಮೇಲೆ ಇಲ್ಲಿ ಏನಾಗುತ್ತದೆ?” ಎಂದು ಕೇಳಿದರು. ಬೀಳುವುದು ಶರತ್ಕಾಲದಲ್ಲಿ, ಆಮೇಲೆ ಬರುವುದು ಹಿಮ. ಮಳೆ ಬಿದ್ದರೆ ಮೊಳಕೆ ಎಂದು ನಂಬಿ ಬೆಳೆದ ನನಗೆ, ಬೀಜವೊಂದು ಚಳಿಗಾಲ ಕಳೆಯುವುದನ್ನು ಕಾಯುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಬಿದ್ದ ಕೂಡಲೇ ಮೊಳೆತರೆ ಸಸಿ ಹಿಮಕ್ಕೆ ಸಾಯುತ್ತದೆ. ಉಳಿದಿದ್ದ ಬೀಜಗಳನ್ನು ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳು ಫ್ರಿಜ್ಜಿನಲ್ಲಿಟ್ಟು ಬಿತ್ತಿದಾಗ ಹೆಚ್ಚಿನವು ಮೊಳೆತವು. ಮೊದಲ ಸೋಲನ್ನೂ ಅಂಕಿಗಳ ಸಮೇತ ವರದಿಯಲ್ಲಿ ಬರೆಯಬೇಕೆಂದು ಅವರು ಹೇಳಿದರು. ಹೆಚ್ಚು ಅಂಕ ಬಂದದ್ದು ಆ ಭಾಗಕ್ಕೇ.

ಇದು ಒಂದು ಕಾಲೇಜಿನ ರೂಢಿಯಷ್ಟೇ ಅಲ್ಲ. ಅಯೋವಾದ ಗ್ರಿನೆಲ್ ಕಾಲೇಜಿನಲ್ಲೂ ಜೀವವಿಜ್ಞಾನದ ಪ್ರವೇಶ ಕೋರ್ಸು ಹೀಗೆ ವಿಚಾರಣೆಯಿಂದಲೇ ಶುರುವಾಗುತ್ತದೆ. ಆರೆಗನ್‌ನ ರೀಡ್ ಕಾಲೇಜಿನಲ್ಲಿ ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರಬಂಧ ಬರೆಯಬೇಕು. 1989ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಥಾಮಸ್ ಚೆಕ್ ಗ್ರಿನೆಲ್‌ನಲ್ಲಿ ಓದಿದವರು. 2020ರಲ್ಲಿ ಅದೇ ಪ್ರಶಸ್ತಿ ಪಡೆದ ಜೆನ್ನಿಫರ್ ಡೌಡ್ನಾ ಪೊಮೋನಾ ಎಂಬ ಸಣ್ಣ ಕಾಲೇಜಿನವರು.

ಇದನ್ನೆಲ್ಲ ನಮ್ಮ ಶಾಲೆಗೆ ಹಾಗೇ ತರಲಾಗದು. ಆ ಕಾಲೇಜುಗಳ ಶುಲ್ಕ ಬಹಳ ದುಬಾರಿ, ತರಗತಿ ಬಹಳ ಚಿಕ್ಕದು. ನಮ್ಮಲ್ಲಿ 60 ಮಕ್ಕಳು, 40 ನಿಮಿಷ. ಆದರೆ ಫಲಿತಾಂಶ ಬಾರದಾಗ “ಯಾಕೆ?” ಎಂದು ಕೇಳಲು ಖರ್ಚಿಲ್ಲ.

ಮರುದಿನ ಆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಪಠ್ಯಪುಸ್ತಕ ತೆರೆದೆ. ಬಟ್ಟಲುಗಳನ್ನು ಎರಡು ಗಂಟೆ ಇಡಬೇಕೆಂದು ಅಲ್ಲೇ ಇತ್ತು. ಪಾಠಯೋಜನೆಯನ್ನು ಹೀಗೆ ಬದಲಿಸಿದೆವು:

1. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ, ಮಕ್ಕಳ ಕೈಯಲ್ಲೇ ನಾಲ್ಕು ಬಟ್ಟಲು ಇಡಿಸುವುದು: ಖಾಲಿ, ಸಕ್ಕರೆಯದು, ಉಪ್ಪಿನದು, ಬೇಯಿಸಿದ ಆಲೂಗಡ್ಡೆಯಲ್ಲಿ ಸಕ್ಕರೆಯದು.
2. ನೋಡುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆ ಬರೆಯುವುದು.
3. ಕಂಡದ್ದನ್ನು ಮಾತ್ರ ಹಲಗೆಯ ಮೇಲೆ ಬರೆಯುವುದು. ಊಹೆಗೆ ಹೊಂದದ್ದಕ್ಕೆ ಕಾರಣವನ್ನು ಮಕ್ಕಳೇ ಹುಡುಕುವುದು.

ಮೂರನೆಯ ಅವಧಿಯಲ್ಲಿ ಸಕ್ಕರೆ, ಉಪ್ಪಿನ ಬಟ್ಟಲುಗಳಲ್ಲಿ ನೀರು ಕೂಡಿತ್ತು. ಬೇಯಿಸಿದ್ದರಲ್ಲಿ ಕೂಡಿರಲಿಲ್ಲ. ಅದೇ ಹುಡುಗ ಎದ್ದು, “ಮಿಸ್, ಇದರಲ್ಲೂ ನೀರು ಬಂದಿಲ್ಲ” ಅಂದ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿ, ಆಮೇಲೆ ಅವನ ಕಡೆ ತಿರುಗಿ, “ಯಾಕಿರಬಹುದು?” ಎಂದರು. ಬೇಯಿಸಿದರೆ ಜೀವಕೋಶದ ಪೊರೆ ಹಾಳಾಗುತ್ತದೆ ಎಂಬಲ್ಲಿಗೆ ತರಗತಿ ತಾನಾಗಿಯೇ ಬಂದು ನಿಂತಿತು.

ಕಳೆದಿದ್ದ ಅಂಕ ಹಿಂದಿರುಗಿಸಿದೆ. ಈಗ ನನ್ನ ವೀಕ್ಷಣಾ ನಮೂನೆಯ ಕೆಳಗೆ ಕೈಯಲ್ಲಿ ಬರೆದುಕೊಂಡ ಒಂದು ಸಾಲು ಹೆಚ್ಚಿದೆ: “ನಿರೀಕ್ಷಿಸದ ಫಲಿತಾಂಶ ಬಂದಾಗ ಶಿಕ್ಷಕರು ಏನು ಮಾಡಿದರು?”