ಹತ್ತು ಮಿಲಿಮೀಟರಿನ ಬೆಲೆ

ಮಧುಮೇಹವುಳ್ಳ ಇಬ್ಬರು ಒಂದೆಡೆ ಸೇರಿದರೆ ಮೊದಲು ಹೊರಡುವ ಪ್ರಶ್ನೆ ‘ಸಕ್ಕರೆ ಎಷ್ಟಿದೆ?’ ಎಂಬುದು. ಕಾಫಿಗೆ ಸಕ್ಕರೆ ಬಿಟ್ಟದ್ದು, ಅನ್ನ ಕಡಿಮೆ ಮಾಡಿದ್ದು ಎಲ್ಲವೂ ಮಾತಿಗೆ ಬರುತ್ತವೆ. ರಕ್ತದ ಒತ್ತಡದ ಸುದ್ದಿ ಬರುವುದು ಅಪರೂಪ. ಸಕ್ಕರೆಯೇರಿದರೆ ಬಾಯಾರಿಕೆಯೋ ಬಳಲಿಕೆಯೋ ಸುಳಿವು ಕೊಡಬಹುದು. ಒತ್ತಡವಾದರೋ ಸದ್ದಿಲ್ಲದೆ ಬಂದು ಮನೆಮಾಡುತ್ತದೆ. ಕಣ್ಣು, ಮೂತ್ರಪಿಂಡ, ಹೃದಯ, ಮಿದುಳುಗಳಲ್ಲಿ ಮಧುಮೇಹವು ಸವೆಸುವ ರಕ್ತನಾಳಗಳನ್ನೇ ಇದೂ ಸವೆಸುತ್ತದೆ.

ಇಟಲಿಯ ವೈದ್ಯ ರೀವಾ ರೊಚ್ಚಿ 1896ರಲ್ಲಿ ತೋಳಿಗೆ ಪಟ್ಟಿ ಸುತ್ತಿ, ಪಾದರಸದ ಏರಿಕೆಯಿಂದ ಒತ್ತಡವನ್ನು ಅಳೆಯುವ ಸಾಧನವನ್ನು ಪ್ರಕಟಿಸಿದನು. ಪಾದರಸದ ಕಂಬ ಈಗ ಮರೆಯಾಗುತ್ತಿದ್ದರೂ ಅಳತೆ ಇಂದಿಗೂ ಅದರ ಮಿಲಿಮೀಟರುಗಳಲ್ಲಿಯೇ. ಹೃದಯ ಸಂಕುಚಿಸಿದಾಗಿನದು ಮೇಲಿನ ಅಂಕಿ, ಸಡಿಲಿದಾಗಿನದು ಕೆಳಗಿನದು.

ಈ ಮಿಲಿಮೀಟರುಗಳ ಬೆಲೆಯೆಷ್ಟು? ಬ್ರಿಟನ್ನಿನಲ್ಲಿ ಮಧುಮೇಹ, ಅಧಿಕ ಒತ್ತಡ ಎರಡೂ ಇದ್ದ 1,148 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಒತ್ತಡವನ್ನು ಬಿಗಿಯಾದ ಹತೋಟಿಯಲ್ಲಿಟ್ಟು, ಸುಮಾರು ಎಂಟು ವರ್ಷಗಳ ಕಾಲ ಗಮನಿಸಿದರು. ಫಲ 1998ರಲ್ಲಿ ಹೊರಬಿದ್ದಿತು. ಬಿಗಿಹತೋಟಿಯವರ ಸರಾಸರಿ 144/82, ಉಳಿದವರದು 154/87. ಮೇಲಿನ ಅಂಕಿಯ ಅಂತರ ಬರಿಯ ಹತ್ತು! ಆದರೂ ಮೊದಲಿನವರಲ್ಲಿ ಪಾರ್ಶ್ವವಾಯುವಿನ ಹೊಡೆತ ಶೇ. 44ರಷ್ಟು, ಮಧುಮೇಹದ ಸಂಬಂಧವಾದ ಸಾವು ಶೇ. 32ರಷ್ಟು ಕಡಿಮೆಯಾಗಿದ್ದವು. ಇಂದು ಅನೇಕ ತಜ್ಞರು ಹಾಕಿಕೊಡುವ ಗುರಿ 130/80ಕ್ಕಿಂತ ಕೆಳಗೆ.

ಇಷ್ಟು ಬೆಲೆಬಾಳುವ ಹತ್ತು ಮಿಲಿಮೀಟರು ಅಜಾಗರೂಕತೆಯ ಅಳತೆಯಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಸುಮಾರು 13 ಸೆಂಟಿಮೀಟರು ಕೆಳಗಿದ್ದರೆ ಸಾಕು, ಅಂಕಿ ಹತ್ತರಷ್ಟು ಏರಿಬಿಡುತ್ತದೆ. ಮಾತನಾಡುತ್ತಿದ್ದರೂ, ಮೂತ್ರ ತಡೆದುಕೊಂಡಿದ್ದರೂ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಏರುತ್ತದೆ.

ಆದುದರಿಂದ ಅಳತೆಗೆ ಮೊದಲು ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮೌನವಾಗಿ ಕುಳಿತಿರಬೇಕು. ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರಿಸಿ, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ಒಂದು ದಿನದ ಅಂಕಿಯಿಂದ ಹತೋಟಿಯನ್ನು ನಿರ್ಣಯಿಸಲಾಗದು. ಆಸ್ಪತ್ರೆಯ ಆತಂಕದಲ್ಲಿ ಕೆಲವರಿಗೆ ಒತ್ತಡ ಏರುವುದುಂಟು. ಅಲ್ಲಿ ಸರಿಯಾಗಿದ್ದು ಮನೆಯಲ್ಲಿ ಏರುವವರೂ ಉಂಟು. ಆದಕಾರಣ ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲಿ ಅಳೆದು ಬರೆದಿಟ್ಟರೆ ವೈದ್ಯರಿಗೆ ನಿಜಸ್ಥಿತಿ ತಿಳಿಯುತ್ತದೆ.

ಮಧುಮೇಹಿಗಳಿಗೆ ಇನ್ನೊಂದು ಎಚ್ಚರಿಕೆ. ನರಗಳು ದುರ್ಬಲಗೊಂಡಿದ್ದರೆ ಎದ್ದು ನಿಂತೊಡನೆ ಒತ್ತಡ ಕುಸಿದು ತಲೆ ಸುತ್ತಬಹುದು. ಅಂಥವರ ಒತ್ತಡವನ್ನು ನಿಂತಾಗಲೂ ಅಳೆಯುವುದು ಅವಶ್ಯಕ. ಅಂಕಿ ಏರಲಿ ಇಳಿಯಲಿ, ಮಾತ್ರೆಯನ್ನು ಬದಲಿಸುವ ಅಧಿಕಾರ ವೈದ್ಯರದು.

ಹಾಲಿನ ಲೆಕ್ಕವನ್ನು ದಿನವೂ ತಪ್ಪದೆ ಬರೆಯುವ ಗೃಹಿಣಿಯರು ನಮ್ಮಲ್ಲಿ ಎಷ್ಟೋ ಮಂದಿ. ಅದೇ ಪುಸ್ತಕದ ಒಂದು ಹಾಳೆ ಈ ಲೆಕ್ಕಕ್ಕೂ ಮೀಸಲಾಗಲಿ. ಯಜಮಾನರ ಅಂಕಿಯ ಪಕ್ಕದಲ್ಲಿ ತಮ್ಮದನ್ನೂ ಬರೆದುಕೊಳ್ಳಲು ಆಕೆ ಮರೆಯದಿರಲಿ.